ಮುಂಬಯಿಗೆ ನಾಲ್ಕು ಚೀಲ, ಪುಣೆಗೆ ಒಂದು

ಆ ಮೆಣಸಿನಕಾಯಿ ಚೀಲದ ರೈಲು ಬಾಡಿಗೆಯನ್ನು ಪುಣೆ ಸ್ಟೇಷನ್ನಿನ ಪಾರ್ಸೆಲ್ ಕಿಟಕಿಯಲ್ಲಿ ನಾನೇ ಕೊಟ್ಟೆ ಎಂಬುದು ನನ್ನ ನೆನಪು. ನೀವು ಒಂದು ಪೈ ಸಹ ಕೊಡಲಿಲ್ಲ ಎಂಬುದು ನನ್ನ ಹೆಂಡತಿಯ ನೆನಪು. ನನ್ನ ಕಡೆಗೆ ವಿವರಗಳೂ ಇವೆ. ನಾನು ಕೊಟ್ಟ ನಾಣ್ಯಗಳಲ್ಲಿ ಒಂದು ಸವೆದು ನುಣ್ಣಗಾಗಿತ್ತು. ಕಿಟಕಿಯಾಚೆಯ ಗುಮಾಸ್ತ ಅದನ್ನು ಬೆರಳ ತುದಿಯಿಂದ ನನ್ನತ್ತ ತಳ್ಳಿದ. ಆ ಬೆರಳಿಗೆ ಮಸಿ ಹತ್ತಿತ್ತು. ಇಷ್ಟು ಚೆನ್ನಾಗಿ ಕಾಣುವ ಸಂಗತಿ ಸುಳ್ಳಾಗಬಹುದೇ? ಆಗಬಹುದೆಂದು ಕಾಲೇಜಿನ ತರ್ಕಶಾಸ್ತ್ರದ ಪಾಠದಲ್ಲಿ ನನಗೆ ಎರಡು ವರ್ಷ ಕಲಿಸಿದ್ದರು. ಆ ಪಾಠವನ್ನು ನೆಂಟರಿಷ್ಟರ ನೆನಪುಗಳ ಮೇಲೆ ಪ್ರಯೋಗಿಸಿ ಅವರನ್ನೆಲ್ಲ ಸಾಕಷ್ಟು ಕಾಡಿದ್ದೇನೆ. ನನ್ನ ಮೇಲೆಯೇ ಪ್ರಯೋಗಿಸಿಕೊಳ್ಳುವ ಮನಸ್ಸು ಬಂದದ್ದು ಈಚೆಗೆ.

ಇಸವಿ ಹತ್ತೊಂಬತ್ತು ನೂರಾ ಮೂವತ್ತೆಂಟೋ ಮೂವತ್ತೊಂಬತ್ತೋ ಖಚಿತವಿಲ್ಲ. ಯುದ್ಧ ಇನ್ನೂ ಶುರುವಾಗಿರಲಿಲ್ಲ, ಅಷ್ಟು ಗೊತ್ತು. ನಾನು ಪುಣೆಯಲ್ಲಿ ಒಬ್ಬ ವ್ಯಾಪಾರಿಯ ಕಚೇರಿಯಲ್ಲಿ ನಲವತ್ತೈದು ರೂಪಾಯಿ ಸಂಬಳದ ಕಾರಕೂನನಾಗಿದ್ದೆ. ಹದಿನೈದು ರೂಪಾಯಿ ಸವಣೂರಿಗೆ, ಅಪ್ಪನಿಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಇನ್ನಿಬ್ಬರು ಕಾರಕೂನರ ಜೊತೆ ಒಂದು ಕೋಣೆ, ಖಾನಾವಳಿಯ ಊಟ. ಮದುವೆಯಾಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ಹೆಂಡತಿ ಮತ್ತು ನಾನು ಒಂದೇ ಸೂರಿನ ಕೆಳಗಿದ್ದ ದಿನಗಳನ್ನು ಒಮ್ಮೆ ಎಣಿಸಿ ನೋಡಿದೆ: ಅರವತ್ತನ್ನು ಮುಟ್ಟಲಿಲ್ಲ. ಅವಳು ಕೆಲವು ತಿಂಗಳು ಸವಣೂರಿನ ನಮ್ಮ ಮನೆಯಲ್ಲಿ, ಕೆಲವು ತಿಂಗಳು ಹಿರೇಕೆರೂರು ತಾಲೂಕಿನ ಮಾಸೂರಿನ ತನ್ನ ತವರಿನಲ್ಲಿ ಇರುತ್ತಿದ್ದಳು. ಹಿಂದಿನ ಸಲ ಹೊರಟಾಗ ಅವಳು ಹೇಳಿದ ಮಾತು ಮಾತ್ರ ನನಗೆ ನಿಸ್ಸಂದೇಹವಾಗಿ ನೆನಪಿದೆ, ಯಾಕೆಂದರೆ ಅವಳಿಗೂ ನೆನಪಿದೆ: "ಮುಂದಿನ ಸಲ ಬರೂಮುಂದ ನನ್ನ ಟಿಕೀಟಿನ ರೊಕ್ಕಾ ಇಟ್ಕೊಂಡು ಬರ್ರಿ. ಇಲ್ಲಾಂದ್ರ ಬರಬ್ಯಾಡ್ರಿ."

ಅಂಥ ಹೊತ್ತಿನಲ್ಲಿ ಮುಂಬಯಿಯ ಒಂದು ವಿಮಾ ಕಚೇರಿಯಿಂದ ಕಾಗದ ಬಂತು. ಸಂಬಳ ಎಪ್ಪತ್ತು ರೂಪಾಯಿ. ಹತ್ತು ದಿನದಲ್ಲಿ ಒಪ್ಪಿಗೆ ತಿಳಿಸಬೇಕು. ನಾನು ರಜೆ ಹಾಕಿ, ಒಂದು ನೋಟುಪುಸ್ತಕ ಹಿಡಿದುಕೊಂಡು ಸವಣೂರಿಗೆ ಹೊರಟೆ. ಮುಂಬಯಿಯಲ್ಲಿದ್ದ ಸಹಪಾಠಿಯೊಬ್ಬನಿಂದ ಅಲ್ಲಿನ ಧಾರಣೆಗಳನ್ನೆಲ್ಲ ಬರೆಸಿ ತರಿಸಿದ್ದೆ. ಎಡಪುಟದಲ್ಲಿ ಪುಣೆ, ಬಲಪುಟದಲ್ಲಿ ಮುಂಬಯಿ. ಖೋಲಿ ಬಾಡಿಗೆ ಎಡಕ್ಕೆ ಏಳು, ಬಲಕ್ಕೆ ಹದಿನಾರು. ಹಾಲು, ಇದ್ದಿಲು, ಚಿಮಣಿ ಎಣ್ಣೆ, ಅಗಸ, ಕ್ಷೌರ. ಮುಂಬಯಿಗೆ ಮಾತ್ರ ಟ್ರಾಮು. ಹೆಂಡತಿಯನ್ನು ಸೇರಿಸಿ ಲೆಕ್ಕ ಹಾಕಿದರೆ ಪುಣೆಯಲ್ಲಿ ತಿಂಗಳಿಗೆ ಆರು ರೂಪಾಯಿ ಕೊರತೆ, ಮುಂಬಯಿಯಲ್ಲಿ ಮೂರು. ಇಪ್ಪತ್ತೈದು ರೂಪಾಯಿ ಹೆಚ್ಚು ಸಂಬಳಕ್ಕೆ ಸಿಕ್ಕ ಲಾಭ ಮೂರು ರೂಪಾಯಿ ಕಡಿಮೆ ಕೊರತೆ! ಯಲವಿಗಿ ಸ್ಟೇಷನ್ನು ಬರುವವರೆಗೆ ರೈಲಿನಲ್ಲಿ ಅದನ್ನೇ ಏಳು ಸಲ ಕೂಡಿಸಿದೆ. ಕೊರತೆ ಜಗ್ಗಲಿಲ್ಲ.

ಅಪ್ಪ ಎಲೆ ವ್ಯಾಪಾರಿ. ಸವಣೂರಿನ ತೋಟಗಳ ವೀಳ್ಯದೆಲೆಯನ್ನು ಬುಟ್ಟಿ ಕಟ್ಟಿಸಿ ಯಲವಿಗಿಯಿಂದ ರೈಲಿಗೆ ಹಾಕುವುದು ಅವನ ಕೆಲಸ. ನೋಟುಪುಸ್ತಕವನ್ನು ದೂರ ಹಿಡಿದು ನೋಡಿ, "ಇದೇನೋ ಇದು, ಕಾಳಿಗೆ ಹನ್ನೆರಡು ರೂಪಾಯಿ?" ಎಂದ.

"ಜೋಳ, ಅಕ್ಕಿ, ಬೆಲ್ಲ, ಖಾರ. ಎಲ್ಲಾ ಸೇರಿ."

"ಹುಚ್ಚಪ್ಪಾ! ನಮ್ಮ ಮಂದಿ ಕಾಳು ಕೊಂಡು ತಿಂತಾರೇನೋ? ಜೋಳ ನಾ ಕೊಡ್ತೇನಿ. ಹಾನಗಲ್ಲಾಗ ನಿಮ್ಮ ಅಕ್ಕನ ಮನಿಯಾಗ ಅಕ್ಕಿ ಇಲಿ ತಿನ್ನಾಕತ್ತಾವ. ಬೆಲ್ಲಕ್ಕ ಮಾಸೂರಿನ ನಿಮ್ಮ ಮಾವ, ಖಾರಕ್ಕ ಶಿಗ್ಗಾಂವಿ. ಬಿ.ಎ. ಪಾಸಾಗೀ, ಇಷ್ಟು ತಿಳೀಲಿಲ್ಲ."

ಇಷ್ಟು ತಿಳಿದಿರಲಿಲ್ಲ, ನಿಜ. ಹನ್ನೆರಡು ರೂಪಾಯಿ ಹೊಡೆದುಹಾಕಿದೆ. ಮುಂಬಯಿಯಲ್ಲಿ ಕೊರತೆ ಹೋಗಿ ಒಂಬತ್ತು ರೂಪಾಯಿ ಉಳಿತಾಯವಾಯಿತು. ಕೊರತೆಯನ್ನು ಏಳು ಸಲ ಕೂಡಿಸಿದ್ದ ನಾನು ಉಳಿತಾಯವನ್ನು ಒಂದೇ ಸಲ ಕೂಡಿಸಿ ಪುಸ್ತಕ ಮುಚ್ಚಿದೆ. ಪುಣೆಯಲ್ಲಿದ್ದ ಮೂರು ವರ್ಷದಲ್ಲಿ ನನಗೆ ಒಬ್ಬರೂ ಒಂದು ಹಿಡಿ ಕಾಳನ್ನು ಕೊಡುತ್ತೇನೆ ಎಂದಿರಲಿಲ್ಲ ಎಂಬುದು ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮರುದಿನ ಸರ್ವಿಸ್ ಮೋಟಾರು ಹಿಡಿದು ಶಿಗ್ಗಾಂವಿಗೆ ಹೋದೆ. ಅಲ್ಲಿರುವುದು ನನ್ನ ಸೋದರಮಾವನ ಮನೆ. ಅತ್ತೆ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತರೂ ತಲೆಯೆತ್ತಲಿಲ್ಲ. "ಅತ್ತೀ" ಎಂದ ಮೇಲೆ, "ಯಪ್ಪಾ, ನೀನೇನು! ದನಿ ಕೇಳಿ ಗುರ್ತು ಹಿಡದೆ ನೋಡು" ಎಂದಳು. ಅವಳ ಕೈ ಮಾತ್ರ ನಿಲ್ಲಲಿಲ್ಲ. ಒಂದೊಂದು ಕಾಯಿಯನ್ನೂ ಬೆರಳಲ್ಲಿ ತಡವಿ, ತೊಟ್ಟಿನ ಕಡೆ ಯಾವುದು ತುದಿ ಯಾವುದು ಎಂದು ಹುಡುಕಿ ಮುರಿಯುತ್ತಿದ್ದಳು.

ಮಾಮಾ ನನ್ನ ಮಾತು ಮುಗಿಯುವ ಮೊದಲೇ ಒಪ್ಪಿದ. "ಒಂದು ಚೀಲ ತಗೊ. ಇನ್ನೊಂದು ಮಾತು. ಹುಬ್ಬಳ್ಳಿ ಡಾಕ್ಟರು ನಿಮ್ಮ ಅತ್ತಿಗೆ ಮುಂಬಯಿಗೆ ಹೋಗಿ ಕಣ್ಣು ತೋರಸ್ರಿ ಅಂದಾನ. ಅಲ್ಲಿ ಯಾರದಾರ ನಮಗ ಅಂತ ಸುಮ್ಮನಿದ್ದೆ. ಈಗ ನೀನಾದೆಲ್ಲ!"

"ಕಣ್ಣಿಂದೇನು ಬಿಡ್ರಿ," ಎಂದಳು ಅತ್ತೆ. "ಗಂಡ ಹೆಂಡತಿ ಇಬ್ರು ಮೊದಲ ಬಾಳೇ ಹೂಡ್ಲಿ. ಮುಂಬಯಿ ಖಾರ ಬರೇ ಕೆಂಪು ಇರ್ತೈತಂತ, ಖಾರನ ಇರೂದಿಲ್ಲಂತ. ಹೌದೇನು?"

ನನಗೆ ಗೊತ್ತಿರಲಿಲ್ಲ. ಹೌದು ಎಂದೆ.

ಹಾನಗಲ್ಲಿನಲ್ಲಿ ಅಕ್ಕ ಅಕ್ಕಿ ಕೊಟ್ಟಳು. ಅಕ್ಕಿಯ ಜೊತೆಗೆ ಭಾವನ ತಮ್ಮನನ್ನೂ ಕೊಟ್ಟಳು. ಇಪ್ಪತ್ತಾರು ವರ್ಷದ ಗಂಡಸು, ಕಂಬಕ್ಕೆ ಒರಗಿ ಕುಳಿತಿದ್ದ. ಅವನಿಗೆ ಮುಂಬಯಿಯಲ್ಲಿ ಮೋಟಾರು ರಿಪೇರಿ ಕಲಿಯಬೇಕಿತ್ತು.

"ಎಷ್ಟು ದಿನ?" ಎಂದು ಕೇಳಿದೆ.

"ಆರು ತಿಂಗಳಾದ್ರ ಆತು," ಎಂದಳು ಅಕ್ಕ. "ಅಂವ ಏನೂ ತೊಂದ್ರಿ ಕೊಡಾಂವಲ್ಲೋ ತಮ್ಮಾ. ತಾಟಿಗೆ ಹಾಕಿದ್ದು ಉಣ್ತಾನ, ಸುಮ್ಮನ ಇರ್ತಾನ."

ಅವತ್ತು ಅವನ ತಾಟಿಗೆ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಆರು ರೊಟ್ಟಿಯವರೆಗೆ ಎಣಿಸಿ ಬೇಸತ್ತು ಬಿಟ್ಟೆ. ಎಂಟು ಎಂದು ಹೇಳುತ್ತ ಬಂದಿದ್ದೇನೆ. ಕೊನೆಯ ಎರಡು ನಾನೇ ಆಮೇಲೆ ಸೇರಿಸಿದವೂ ಇರಬಹುದು.

ಮಾಸೂರಿಗೆ ಹೋದಾಗ ಮಾವನವರು ಮದಗದ ಕೆರೆಯ ಕೆಳಗಿನ ಕಬ್ಬಿನ ಹೊಲದಿಂದ ಆಗಷ್ಟೇ ಬಂದಿದ್ದರು. ಹೆಂಡತಿ ಬಾಗಿಲ ಹಿಂದಿನಿಂದ ನನ್ನನ್ನಲ್ಲ, ನನ್ನ ಕೈಯ ನೋಟುಪುಸ್ತಕವನ್ನು ನೋಡಿದಳು.

"ಬರ್ರಿ ಅಳಿಯಾರ, ಕುಂದರ್ರಿ. ಸುದ್ದಿ ಬಂದೈತಿ. ಮುಂಬಯಿ ಅಂತಲ್ಲ! ಬೆಲ್ಲ ಎಷ್ಟು ಬೇಕು?"

"ಒಂದು ಚೀಲ ಸಾಕ್ರಿ."

"ಒಂದು ಯಾಕ, ಎರಡು ಒಯ್ರಿ. ನನ್ನ ಹೊಲದ ಅಪೀಲು ಹೈಕೋರ್ಟಿನ್ಯಾಗ ಬಿದ್ದೈತಲ್ಲ, ತಾರೀಖಿಗೆ ಬಂದಾಗ ಉಳ್ಯಾಕ ಜಾಗಾನ ಇರಲಿಲ್ಲ. ವಕೀಲ್ರು ಧರ್ಮಶಾಲಿಗೆ ಹೋಗು ಅಂತಾರ. ಬೀಗರ ಮನಿ ಇದ್ದಂಗ ಆಕ್ಕೈತೇನು ಧರ್ಮಶಾಲಿ? ತಾರೀಖು ಅಂದ್ರ ಎರಡ ದಿನ. ಮುಂದ ಹಾಕಿದ್ರ ನಾಕು. ಸಮುದ್ರನೂ ನೋಡಿಲ್ಲ ನಾ."

ನನ್ನ ಮುಖದಲ್ಲಿ ಏನು ಕಂಡಿತೋ, ಒಳಗೆ ಹೋದಾಗ ಹೆಂಡತಿ ನೋಟುಪುಸ್ತಕ ಕಸಿದುಕೊಂಡಳು. ಅವಳು ಕನ್ನಡ ಸಾಲೆ ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಬಲಪುಟವನ್ನು ಬೆರಳಿಟ್ಟು ಓದಿದಳು.

"ಜೋಳ ಹೊಡದೀರಿ. ಅಕ್ಕಿ ಹೊಡದೀರಿ. ಛಲೋ ಆತು. ಹಾನಗಲ್ಲವರು ಅಕ್ಕಿ ಜೋಡಿ ಯಾರ್ನ ಕಳಸ್ತಾರ?"

ಹೇಳಿದೆ.

"ಶಿಗ್ಗಾಂವಿಯವ್ರು?"

ಹೇಳಿದೆ.

"ನಮ್ಮಪ್ಪ ತಾನ ಬರ್ತಾನ. ಅದನ್ನ ನಾನ ಕೇಳೇನಿ. ನೀವು ಉಣ್ಣೂ ಅಕ್ಕಿ ಲೆಕ್ಕ ಹಾಕೀರಿ, ಉಣ್ಣೂ ಮಂದಿನ್ನ ಎಲ್ಲಿ ಬರದೀರಿ? ಒಂದು ಖೋಲಿ ಅಂತೀರಿ. ಮೋಟಾರು ರಿಪೇರಿಯವ ಗ್ವಾಡಿಗೆ ಮಕ್ಕೊಂಡ್ರ ನಾವೆಲ್ಲಿ, ಟ್ರಾಮಿನ್ಯಾಗ ಮಕ್ಕೊಳ್ಳೂದೇನು?"

"ಹಂಗಾದ್ರ ಚೀಲ ಬ್ಯಾಡ ಅನ್ನೂಣೇನು?" ಎಂದೆ.

"ಚೀಲ ಬ್ಯಾಡ ಅಂದ್ರ ಮಂದಿ ಬರೂದು ಬಿಡ್ತಾರೇನು? ಚೀಲ ಬ್ಯಾಡ ಅಂದಾಂವ ಸೊಕ್ಕಿನಾಂವ ಅಂತಾರ, ಮ್ಯಾಲೆ ಬರ್ತಾರ."

ಇದು ಸರಿಯಾದ ತರ್ಕ. ನಮ್ಮ ಕಡೆ ಊರು ಬಿಡುವವನಿಗೆ ಕಾಳು ಕೊಡುವುದು ಬೀಳ್ಕೊಡುಗೆಯಲ್ಲ, ಅವನ ಪಡಸಾಲೆಯಲ್ಲಿ ಚಾಪೆ ಹಾಸಿ ಬರುವುದು. ಇದು ನಾಲ್ಕೂ ತಾಲೂಕಿನ ಹೆಂಗಸರಿಗೆ ಗೊತ್ತು. ಅದನ್ನು ಪುಕ್ಕಟೆ ಎಂದು ಬರೆದುಕೊಂಡವನು ತರ್ಕಶಾಸ್ತ್ರ ಓದಿದ ನಾನು. ಹಾಳೆ ಹರಿದು ಒಗೆಯುವಷ್ಟು ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ಎಲ್ಲರೂ ಒಳ್ಳೆಯವರೇ, ಎಲ್ಲರೂ ಕೈತುಂಬ ಕೊಟ್ಟವರೇ.

ಹೆಂಡತಿ ಆಗಲೇ ಎಡಪುಟಕ್ಕೆ ಹೋಗಿದ್ದಳು. "ಪುಣೆದಾಗ ಹೈಕೋರ್ಟ್ ಐತೇನ್ರಿ?"

"ಇಲ್ಲ."

"ಸಮುದ್ರ?"

"ಇಲ್ಲ."

"ಅದಕ್ಕ ಮೂರು ವರ್ಷ ನಿಮ್ಮನ್ನ ಯಾರೂ ಕೇಳಿಲ್ಲ. ಪುಣೆನ ಬೇಷ್. ಕೊರತಿ ಎಷ್ಟು, ಆರು? ಹೊಟೇಲ ಚಹಾ ಎರಡೂವರಿ ಅಂತ ಬರದೀರಲ್ಲ, ಇದೇನು ನೀವು ಚಹಾ ಕುಡೀತೀರೋ ಜಳಕಾ ಮಾಡ್ತೀರೋ?" ಪೆನ್ಸಿಲು ಎಳೆದಳು. "ಪುಸ್ತಕ, ಪೇಪರು, ಎರಡು. ಓದಿದ್ದು ಸಾಕು." ಮತ್ತೊಂದು ಗೆರೆ. "ದಿನಾ ಅನ್ನ ನನಗ ಬ್ಯಾಡ, ರೊಟ್ಟಿ ಸಾಕು. ಇಲ್ಲಿ ಒಂದು ರೂಪಾಯಿ. ಅಗಸ ಯಾಕ, ನನ್ನ ಕೈ ಏನಾಗ್ಯಾವ?"

ಕೊರತೆ ಮುಚ್ಚಿತು. ಹೊಡೆದುಹಾಕಿದ್ದರಲ್ಲಿ ಹೆಚ್ಚಿನದು ನನ್ನದೇ ಎಂದು ಗಮನಿಸಿದೆ, ಆದರೆ ವಾದಿಸುವ ಸ್ಥಿತಿಯಲ್ಲಿರಲಿಲ್ಲ. ಹಿರೇಕೆರೂರಿನ ಅಂಚೆ ಕಚೇರಿಗೆ ಹೋಗಿ ಮುಂಬಯಿಗೆ ಕಾಗದ ಹಾಕಿದೆ: ಕೌಟುಂಬಿಕ ಕಾರಣಗಳಿಂದ ಬರಲಾಗುವುದಿಲ್ಲ. ತಿಂಗಳಿಗೆ ಇಪ್ಪತ್ತೈದು ರೂಪಾಯಿ ಬಿಟ್ಟುಕೊಟ್ಟ ಕಾಗದದ ಲಕೋಟೆಯ ಅಂಟನ್ನು ನೆಕ್ಕಿ ಮುಚ್ಚುವಾಗ ನಾಲಿಗೆ ಕಹಿಯಾಗಿತ್ತು. ಅದು ಅಂಟಿನ ಕಹಿಯೇ ಇರಬಹುದು.

ಹೆಂಡತಿಯನ್ನು ಕರೆದುಕೊಂಡು ಸವಣೂರಿಗೆ ಬಂದರೆ ನಮಗಿಂತ ಮೊದಲು ಚೀಲಗಳು ಬಂದು ಕುಳಿತಿದ್ದವು. ಶಿಗ್ಗಾಂವಿಯ ಮೆಣಸಿನಕಾಯಿ, ಹಾನಗಲ್ಲಿನ ಅಕ್ಕಿ, ಅಪ್ಪನ ಜೋಳ ಪಡಸಾಲೆಯಲ್ಲಿ ಸಾಲಾಗಿ. ಮಾವನವರ ಬೆಲ್ಲ ಮರುದಿನ ಸೇರಿತು. ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. "ನೋಡ್ರಿ, ನನ್ನ ಮಗನ ಮ್ಯಾಲೆ ಮಂದಿ ಎಷ್ಟು ಜೀವ ಇಟ್ಟಾರ! ನಾನೂ ತಿಂಗಳಿಗೊಮ್ಮೆ ಹೋಗಿ ಕುಂದ್ರಾಂವ. ಆ ಮುಂಬಯಿ ದಲಾಲಿ ಎಲಿ ಕೊಳತು ಬಂದ್ವು ಅಂತ ಪ್ರತಿ ಬುಟ್ಟಿಗೂ ರೊಕ್ಕಾ ಮುರೀತಾನ. ನಾ ಅಲ್ಲೇ ಕುಂತ್ರ ಹೆಂಗ ಮುರೀತಾನ ನೋಡೂಣು."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಜೋಳದ ಚೀಲ ನೋಡಿದಳು.

"ಅಪ್ಪಾ, ನಾ ಮುಂಬಯಿಗೆ ಹೋಗೂದಿಲ್ಲ. ಪುಣೆದಾಗ ಇರ್ತೇನಿ. ಈಕಿನ್ನ ಅಲ್ಲಿಗೆ ಕರ್ಕೊಂಡು ಹೋಗ್ತೇನಿ."

ಅಪ್ಪ ಸಾಲಿನ ಒಂದೊಂದು ಚೀಲವನ್ನೂ ಕೈಯಿಂದ ಮುಟ್ಟಿ ನೋಡಿದ. ಆಮೇಲೆ, "ಪುಣೆದಾಗ ಏನೈತೋ?" ಎಂದ. ಏನೂ ಇಲ್ಲವೆಂದೇ ಅದನ್ನು ಆರಿಸಿದ್ದು.

ಮೂರನೆಯ ದಿನದಿಂದ ಚೀಲಗಳು ನಡೆಯತೊಡಗಿದವು. ಹಾನಗಲ್ಲಿನಿಂದ ಗಾಡಿ ಬಂತು. ಇಲ್ಲೇ ಮದುವೆ ಒಂದು ಬಂದಿದೆ, ಅಕ್ಕಿ ಸಾಲದು ಎಂದು ಅಕ್ಕ ಹೇಳಿ ಕಳಿಸಿದ್ದಳು. ಯಾರ ಮದುವೆಯೋ ನನಗೆ ಇವತ್ತಿನವರೆಗೂ ತಿಳಿದಿಲ್ಲ. ಬೆಲ್ಲ ನೀರೊಡೆಯುವ ಬೆಲ್ಲ, ಅಷ್ಟು ದಿನ ಬಾಳುವುದಿಲ್ಲ, ತಿರುಗಿ ಕಳಿಸಿರಿ ಎಂದು ಮಾವನವರಿಂದ ಚೀಟಿ ಬಂತು. ಅಪ್ಪ ಒಂದು ಬೆಳಗ್ಗೆ, "ಈ ವರ್ಷ ಜೋಳ ಕಡಿಮಿ ಬಂದೈತಿ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಚೀಲ ಬಿಚ್ಚಿ ಕಾಳು ತುಂಬಿಡುವ ಗುಮ್ಮಿಗೆ ಸುರಿದ. ಇವನ್ನೆಲ್ಲ ಹೇರುತ್ತಿದ್ದವನು ಅಪ್ಪನ ಎಲೆಬುಟ್ಟಿ ಹೊರುವ ಗಾಡಿಯವನು, ನಮ್ಮ ಓಣಿಯ ಮುಸಲ್ಮಾನ. ಬೆಲ್ಲದ ಚೀಲಕ್ಕೆ ಹೆಗಲು ಕೊಡುತ್ತ, "ಸಾಹೇಬ್ರ, ಈ ಚೀಲಗೋಳಿಗೆ ನಮ್ಮ ಎತ್ತಿನ ಗುರ್ತು ಆಗೇತಿ ಬಿಡ್ರಿ. ಇನ್ನೊಂದು ಸಲ ತಂದು ಒಯ್ದ್ರ ತಾವ ಇಳದು ಒಳಗ ಹೋಗ್ತಾವ," ಎಂದ. ನಾನು ನಗಲಿಲ್ಲ. ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ಮೆಣಸಿನಕಾಯಿ ಚೀಲ ಮಾತ್ರ ಉಳಿಯಿತು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಶಿಗ್ಗಾಂವಿಯ ಗಾಡಿಯ ದಾರಿ ಕಾದೆವು. ಕೊನೆಗೆ ನನ್ನ ರಜೆ ಮುಗಿದು, ಚೀಲವನ್ನು ಪಡಸಾಲೆಯಲ್ಲೇ ಬಿಟ್ಟು, ಅವರದು ಅವರು ಒಯ್ಯಲಿ ಎಂದು ಹೇಳಿ ಇಬ್ಬರೂ ಯಲವಿಗಿಯಲ್ಲಿ ರೈಲು ಹತ್ತಿದೆವು. ಅವಳ ಟಿಕೀಟನ್ನು ಅವಳೇ ಕೈಯಲ್ಲಿ ಹಿಡಿದುಕೊಂಡಿದ್ದಳು, ಪುಣೆಯವರೆಗೆ.

ಎರಡು ವಾರದ ಮೇಲೆ ಆ ಚೀಲ ಪಾರ್ಸೆಲಿನಲ್ಲಿ ಪುಣೆಗೆ ಬಂತು. ಬಿಚ್ಚಿ ನೋಡಿದರೆ ಒಂದು ಕಾಯಿಗೂ ತೊಟ್ಟಿಲ್ಲ.

ಇನ್ನು ನನ್ನ ಜಾಣತನದ ಕೊನೆಯ ಭಾಗ. ನಮ್ಮ ಕಡೆಯಿಂದ ಮುಂಬಯಿಗೆ ಹೋಗುವವರು ಪುಣೆಯಲ್ಲಿ ಇಳಿದು ಬೇರೆ ರೈಲು ಹತ್ತಬೇಕು. ವರ್ಷಕ್ಕೆ ಎರಡು ಸಲ ಅದೇ ರೈಲಿನಲ್ಲಿ ಓಡಾಡಿದ ನಾನು, ಎರಡು ಪುಟ ಲೆಕ್ಕ ಬರೆದ ನಾನು, ಅದನ್ನು ಒಮ್ಮೆಯೂ ನೆನೆಯಲಿಲ್ಲ. ಬಾಳೆ ಹೂಡಿ ಒಂದೂವರೆ ತಿಂಗಳಾಗಿರಲಿಲ್ಲ, ಮಾವನವರು ಹೈಕೋರ್ಟಿನ ತಾರೀಖಿಗೆ ಹೊರಟವರು ಬಾಗಿಲಲ್ಲಿ ನಿಂತಿದ್ದರು. "ಗಾಡಿ ಬದಲಿ ಮಾಡಬೇಕಲ್ಲ ಅಳಿಯಾರ, ಹೆಂಗೂ ಇಳೀತೇನಿ, ಒಂದು ರಾತ್ರಿ ಇದ್ದು ಹೋಗ್ತೇನಿ." ಹೋಗುವಾಗ ಒಂದು ರಾತ್ರಿ, ಬರುವಾಗ ಎರಡು. ಮೋಟಾರು ರಿಪೇರಿಯವನು ಮುಂಬಯಿಯಲ್ಲಿ ಜಾಗ ಸಿಗದೆ ತಿರುಗಿ ಬರುವಾಗ ನಮ್ಮಲ್ಲಿ ಹನ್ನೊಂದು ದಿನ ಉಳಿದ. ಅಪ್ಪ ದಲಾಲಿಯ ಜೊತೆ ಜಗಳವಾಡಲು ಹೋಗಿ ಸೋತು ಬಂದು ಒಂದು ವಾರ ಮಲಗಿದ. ಯಾರೂ ಒಂದು ಸೇರು ಅಕ್ಕಿ ತರಲಿಲ್ಲ. ಪುಣೆಗೆ ಕಾಳು ತರುವ ರೂಢಿ ಇರಲಿಲ್ಲವಲ್ಲ. ಯುದ್ಧ ಬಂದು, ರೇಷನ್ ಬಂದು, ತರುತ್ತೇವೆಂದರೂ ತರಲಾಗದ ಕಾಲ ಬಂದ ಮೇಲೆ, "ಛೇ, ಆವಾಗ ಒಂದು ಚೀಲ ಒಯ್ಬೇಕಿತ್ತು ನೀವು" ಎಂದು ಎಲ್ಲರೂ ಮರುಗಿದರು. ನಾನು ಹಲ್ಲು ಕಚ್ಚಿದೆ. ಮುಂಬಯಿ ಎಂದಿದ್ದರೆ ಎಪ್ಪತ್ತು ರೂಪಾಯಿಯಾದರೂ ಇರುತ್ತಿತ್ತು ಎಂದು ಒಮ್ಮೆ ಹೆಂಡತಿಗೆ ಹೇಳಿದೆ. "ಇರ್ತಿತ್ತು," ಎಂದಳು, "ನಾ ಮಾಸೂರಾಗ ಇರ್ತಿದ್ದೆ."

ದಾರಿಯಲ್ಲಿ ಇಳಿಯದೆ ಇದ್ದವಳು ಶಿಗ್ಗಾಂವಿಯ ಅತ್ತೆ ಒಬ್ಬಳೇ. ಮುಂಬಯಿಯಲ್ಲಿ ಕರೆದುಕೊಂಡು ತಿರುಗುವವರು ಯಾರೂ ಇಲ್ಲವೆಂದು ಅವಳೂ ಮಾಮಾನೂ ಹೊರಡಲೇ ಇಲ್ಲ. ಪುಣೆಗೆ ಬರ್ರಿ, ಇಲ್ಲಿಯೂ ದೊಡ್ಡ ಡಾಕ್ಟರರಿದ್ದಾರೆ ಎಂದು ಕಾಗದ ಬರೆದೆನೆಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಈಗ ಅದನ್ನು ಆಣೆ ಮಾಡಿ ಹೇಳಲಾರೆ. ನಾಲ್ಕೈದು ವರ್ಷದ ಮೇಲೆ ಶಿಗ್ಗಾಂವಿಗೆ ಹೋದಾಗ ಅವಳು ಅದೇ ಜಾಗದಲ್ಲಿ ಕುಳಿತಿದ್ದಳು. ಮೆಣಸಿನಕಾಯಿ ಮುಂದಿರಲಿಲ್ಲ. ದನಿಗೆ ಗುರುತು ಹಿಡಿದು, "ಖಾರ ಹೆಂಗಿತ್ತೋ?" ಎಂದು ಕೇಳಿದಳು. ಚೆನ್ನಾಗಿತ್ತು ಎಂದೆ. ಆ ಚೀಲದ ಬಾಡಿಗೆ ಕೊಟ್ಟು ಬಿಡಿಸಿಕೊಂಡವನು ನಾನು ಎಂಬ ಸಮಾಧಾನ ಬೇಕಾಗಿದ್ದು ಆಗಲೇ ಇರಬೇಕು. ಸವೆದ ನಾಣ್ಯವೂ ಮಸಿಯ ಬೆರಳೂ ಅಲ್ಲಿಂದಲೇ ಹುಟ್ಟಿದವೋ ಏನೋ.

ಹೋದ ತಿಂಗಳು ಪೆಟ್ಟಿಗೆಯ ತಳದ ಹಳೆಯ ಪುಸ್ತಕಗಳನ್ನು ಬಿಸಿಲಿಗೆ ಹಾಕುವಾಗ ಅದೇ ನೋಟುಪುಸ್ತಕ ಸಿಕ್ಕಿತು. ಅದರೊಳಗೆ ಅಪ್ಪನ ಒಂದು ಕಾರ್ಡು. ಅಪ್ಪ ಬೇರೆಯವರು ಕೊಟ್ಟ ಹಣವನ್ನು ತಾನು ಕೊಟ್ಟೆ ಎಂದು ಬರೆದಾನು. ತಾನಾಗಲಿ ಮಗನಾಗಲಿ ಕೊಡುವ ಹಣವನ್ನು ಬೇರೆಯವರು ಕೊಟ್ಟರು ಎಂದು ಎಂದೂ ಬರೆಯುವವನಲ್ಲ. ಆದ್ದರಿಂದ ಇದನ್ನು ನಂಬುತ್ತೇನೆ. ಕಾರ್ಡಿನಲ್ಲಿ ಬರೆದಿರುವುದು ಇಷ್ಟು: ಶಿಗ್ಗಾಂವಿಯ ನಿಮ್ಮ ಅತ್ತೆ ಮೆಣಸಿನಕಾಯಿ ಚೀಲ ತಿರುಗಿ ಒಯ್ಯಲು ಒಪ್ಪಲಿಲ್ಲ, ಗಾಡಿಯವನಿಗೆ ಹೇಳಿ ಯಲವಿಗಿಯಲ್ಲಿ ಪಾರ್ಸೆಲ್ ಹಾಕಿಸಿದ್ದಾಳೆ, ರೈಲು ಬಾಡಿಗೆ ಒಂದು ರೂಪಾಯಿ ಆರಾಣೆ ಅವಳೇ ಮುಂಗಡ ಕೊಟ್ಟಿದ್ದಾಳೆ, ನೀನು ಅಲ್ಲಿ ಏನೂ ಕೊಡತಕ್ಕದ್ದಿಲ್ಲ.